ಹಾಡು ಬಲ್ಲ ಅಕೌಂಟೆಂಟರಿಗೆ ಕೆಲಸವಿದೆ

ಮಾನ್ಯ ಸಂಪಾದಕರೇ,

ಉದ್ಯೋಗ ಮಾರ್ಗದರ್ಶನದ ಅಂಕಣಗಳಲ್ಲಿ ಒಂದು ಪ್ರಶ್ನೆ ಆಗಾಗ ತಲೆಹಾಕುತ್ತದೆ: ‘ಸಂಗೀತವೆಂದರೆ ನನಗೆ ಪ್ರಾಣ, ಆದರೆ ಓದುತ್ತಿರುವುದು ಅಕೌಂಟೆನ್ಸಿ. ಏನು ಮಾಡಲಿ?’ ಉತ್ತರವೂ ಹೆಚ್ಚುಕಡಿಮೆ ಒಂದೇ: ಹೊಟ್ಟೆಪಾಡಿಗೆ ಲೆಕ್ಕ, ಸಂಜೆಗೆ ಸಂಗೀತ. ಸಂಗೀತದ ದುಡ್ಡಿನ ಲೆಕ್ಕವೇ ಒಂದು ಪೂರಾ ಕಸುಬು ಎಂಬ ಮಾತು ಈ ಉತ್ತರದಲ್ಲಿ ಬಿಟ್ಟುಹೋಗುತ್ತದೆ. ಆ ಕ್ಷೇತ್ರದಲ್ಲಿ ಹಾಡುವವರಿಗೂ ಬರವಿಲ್ಲ, ಬ್ಯಾಲೆನ್ಸ್ ಶೀಟ್ ಬರೆಯುವವರಿಗೂ ಬರವಿಲ್ಲ. ಒಂದು ಹಾಡು ಯಾರ ಯಾರ ಕೈ ಸೇರಿ ತಯಾರಾಗುತ್ತದೆಂದು ತಿಳಿದು, ಅದರ ಲೆಕ್ಕಪತ್ರವನ್ನೂ ಓದಬಲ್ಲವರು ಮಾತ್ರ ಸಿಗುವುದು ಕಷ್ಟ. ಆ ಕೆಲಸದ ಒಳಗೇನಿದೆ ಎಂದು ತಿಳಿಸಲು ಈ ಪತ್ರ.

ಮೊದಲು ಹಿಡಿಯಬೇಕಾದ ಎಳೆ ಇದು: ಒಂದು ಹಾಡಿನಲ್ಲಿ ಎರಡು ಆಸ್ತಿಗಳಿವೆ. ಸಾಹಿತ್ಯ ಮತ್ತು ಸ್ವರಸಂಯೋಜನೆ ಸೇರಿದ ‘ಕೃತಿ’ ಒಂದು. ಅದನ್ನು ಹಾಡಿ ನುಡಿಸಿ ಸೆರೆಹಿಡಿದ ‘ಧ್ವನಿಮುದ್ರಣ’ ಇನ್ನೊಂದು. ಒಡೆಯರು ಬೇರೆ, ಹಣ ಬರುವ ದಾರಿ ಬೇರೆ, ಗುರುತಿನ ಸಂಖ್ಯೆಯೂ ಬೇರೆ. ಕೃತಿಗೆ ಐಎಸ್‌ಡಬ್ಲ್ಯೂಸಿ: ‘ಟಿ’ ಅಕ್ಷರ, ಆಮೇಲೆ 9 ಅಂಕಿ, ಕೊನೆಗೊಂದು ತಪಾಸಣೆಯ ಅಂಕಿ. ಧ್ವನಿಮುದ್ರಣಕ್ಕೆ ಐಎಸ್‌ಆರ್‌ಸಿ: ಒಟ್ಟು 12 ಅಕ್ಷರ-ಅಂಕಿಗಳು. ಒಂದೇ ಕೃತಿಗೆ ಸ್ಟುಡಿಯೊ ಮುದ್ರಣ, ಸಂಗೀತ ಕಛೇರಿಯ ನೇರ ಮುದ್ರಣ, ರೀಮಿಕ್ಸ್, ಬರೀ ವಾದ್ಯದ ಆವೃತ್ತಿ ಎಂದು ನಾಲ್ಕು ಐಎಸ್‌ಆರ್‌ಸಿಗಳಿರಬಹುದು. ಬೇರೆ ಗಾಯಕರು ಅದೇ ಹಾಡನ್ನು ಹೊಸದಾಗಿ ಹಾಡಿ ಬಿಡುಗಡೆ ಮಾಡಿದರೆ ಮೊದಲ ಗಾಯಕರಿಗೆ ಧ್ವನಿಮುದ್ರಣದ ಬಾಬ್ತು ಏನೂ ಬಾರದು. ಬರೆದವರಿಗೂ ಸ್ವರ ಹಾಕಿದವರಿಗೂ ಬರುತ್ತದೆ.

ಸಂಗೀತದ ಕಿವಿ ಲೆಕ್ಕಕ್ಕೆ ಬೇಕಾಗುವುದು ಇಂಥಲ್ಲಿ. ಒಂದು ಜಾಹೀರಾತಿನಲ್ಲಿ ಹಳೆಯ ಹಾಡು ಬಳಕೆಯಾಗಿ, ಹಕ್ಕಿನ ಶುಲ್ಕವೆಂದು ಒಂದು ಮೊತ್ತ ಜಮಾ ಆಗಿದೆ ಎಂದುಕೊಳ್ಳಿ. ಅದು ಮೂಲ ಮುದ್ರಣವೋ ಮರುಮುದ್ರಣವೋ ಎಂದು ಕಾಗದ ಹೇಳುವುದಿಲ್ಲ. ಕೇಳಿದರೆ ತಿಳಿಯುತ್ತದೆ: ಶ್ರುತಿ ಅರ್ಧ ಮನೆ ಏರಿದೆ, ಮಧ್ಯದ ಕೊಳಲಿನ ತುಣುಕಿಗೆ ಕೀಬೋರ್ಡ್ ಬಂದಿದೆ. ಹಾಗಿದ್ದರೆ ಆ ಶುಲ್ಕದಲ್ಲಿ ಮೂಲ ಗಾಯಕರ ಪಾಲಿಲ್ಲ. ಮೂಲ ಮುದ್ರಣವನ್ನೇ ಬಳಸಿದ್ದು, ಗಾಯಕರ ಖಾತೆಗೆ ಏನೂ ಬಂದಿಲ್ಲವಾದರೆ ಪ್ರಶ್ನೆ ಎತ್ತಬೇಕು. ಹಾಗೆಯೇ ಸಂಯೋಜಕರ ಕಾಲಂನಲ್ಲಿ ‘ಸಾಂಪ್ರದಾಯಿಕ’ ಎಂದು ಬರೆದಿರುವ ಸಾಲುಗಳು. ಜರ್ಮನಿಯ ಸಂಗೀತ ಸಂಯೋಜಕ ಬಾಖ್ ತೀರಿಕೊಂಡದ್ದು 1750ರಲ್ಲಿ. ಹಕ್ಕಿನ ಅವಧಿ ಎಂದೋ ಮುಗಿದಿರುವುದರಿಂದ ಅವರ ಕೃತಿಗೆ ಯಾರೂ ರಾಯಲ್ಟಿ (ಬಳಕೆಗೆ ತಕ್ಕಂತೆ ಹಕ್ಕುದಾರರಿಗೆ ಸಲ್ಲುವ ಹಣ) ಕೇಳುವಂತಿಲ್ಲ. ಆದರೆ ಅದನ್ನು ಇವತ್ತಿನ ವಾದ್ಯಗಳಿಗೆ ಹೊಂದಿಸಿದವರ ಕೆಲಸ ಹೊಸತಾಗಿದ್ದರೆ ಅವರಿಗೆ ಹಕ್ಕು ಹುಟ್ಟುತ್ತದೆ. ‘ಸಾಂಪ್ರದಾಯಿಕ’ ಎಂದು ನಮೂದಿಸಿದ ಗುಮಾಸ್ತರಿಗೆ ಇದು ಹೊಳೆದಿರುವುದಿಲ್ಲ.

ಪಾಲು ಹಂಚಿಕೆಯ ಪತ್ರವೂ ಇಂಥದ್ದೇ ತಕರಾರಿನ ಜಾಗ. ಮೂವರು ಕೂತು ಹಾಡು ಕಟ್ಟುತ್ತಾರೆ, ಮನೆಗೆ ಹೋಗಿ ಸದಸ್ಯರ ಪರವಾಗಿ ರಾಯಲ್ಟಿ ವಸೂಲಿ ಮಾಡಿ ಹಂಚುವ ತಮ್ಮ ತಮ್ಮ ಹಕ್ಕು ಸಂಗ್ರಹ ಸಂಸ್ಥೆಯಲ್ಲಿ ಪ್ರತ್ಯೇಕವಾಗಿ ನೋಂದಾಯಿಸುತ್ತಾರೆ: ಒಬ್ಬರು 50%, ಇನ್ನೊಬ್ಬರು 40%, ಮತ್ತೊಬ್ಬರು 25%. ಮೊತ್ತ 115 ಆಯಿತು. ಹಕ್ಕು ಸಂಗ್ರಹ ಸಂಸ್ಥೆ ಇಂಥ ಕೃತಿಯ ಹಣವನ್ನು ತಡೆಹಿಡಿಯುತ್ತದೆ. 100ಕ್ಕಿಂತ ಕಡಿಮೆಯಾದರೆ ಉಳಿದ ಭಾಗ ವಾರಸುದಾರರಿಲ್ಲದೆ ಬಿದ್ದಿರುತ್ತದೆ. ಇಂಥ ಹಣ ಸಣ್ಣದಲ್ಲ. ಅಮೆರಿಕದಲ್ಲಿ 2018ರ ಕಾಯ್ದೆಯಡಿ ಸ್ಥಾಪನೆಯಾದ ಮೆಕ್ಯಾನಿಕಲ್ ಲೈಸೆನ್ಸಿಂಗ್ ಕಲೆಕ್ಟಿವ್ ಎಂಬ ಹಕ್ಕು ಸಂಗ್ರಹ ಸಂಸ್ಥೆಗೆ 2021ರ ಫೆಬ್ರವರಿಯಲ್ಲಿ ಸ್ಟ್ರೀಮಿಂಗ್ ಸೇವೆಗಳು ವರ್ಗಾಯಿಸಿದ, ಯಾರದೆಂದು ತಾಳೆಯಾಗದ ಹಳೆಯ ರಾಯಲ್ಟಿಯೇ ಸುಮಾರು 42.4 ಕೋಟಿ ಡಾಲರ್. ಹಾಡು ಮುಗಿದ ದಿನವೇ, ಸ್ಟುಡಿಯೊ ಬಿಡುವ ಮುನ್ನ, ಹೆಸರು, ಪಾಲು, ಸದಸ್ಯ ಸಂಖ್ಯೆ, ಸಹಿ ಇರುವ ಒಂದು ಹಾಳೆ ತಯಾರಾದರೆ ಈ ಗೋಜಲಿನ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ.

ಇನ್ನು ರಾಯಲ್ಟಿ ಸ್ಟೇಟ್‌ಮೆಂಟ್: ಯಾವ ಹಾಡಿಗೆ ಎಲ್ಲಿಂದ ಎಷ್ಟು ಹಣ ಬಂತೆಂದು ಸಾಲುಸಾಲಾಗಿ ತಿಳಿಸುವ ಕಡತ. ಹೊಸಬರು ಎಡವುವುದು ಹೆಚ್ಚಾಗಿ ಕಡತ ತೆರೆಯುವಾಗಲೇ. ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಅದಕ್ಕಿಂತ ದೊಡ್ಡ ಕಡತವನ್ನು ನೇರವಾಗಿ ತೆರೆದರೆ ಮಿಕ್ಕ ಸಾಲುಗಳು ಕತ್ತರಿಸಿಹೋಗುತ್ತವೆ, ಅದನ್ನೇ ಸೇವ್ ಮಾಡಿದರೆ ಹೋದದ್ದು ಹೋಯಿತು. ಆಲ್ಬಮ್‌ನ 13 ಅಂಕಿಯ ಬಾರ್‌ಕೋಡ್ ಸಂಖ್ಯೆ ಘಾತ ರೂಪಕ್ಕೆ (8.9E+12 ಎಂಬಂತೆ) ತಿರುಗುತ್ತದೆ, ಮುಂದಿನ ಸೊನ್ನೆಗಳು ಉದುರುತ್ತವೆ. ಇಂಗ್ಲಿಷೇತರ ಲಿಪಿಯ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಒಡೆಯುತ್ತವೆ. ಆದ್ದರಿಂದ ಕಡತವನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬಾರದು. ಪವರ್ ಕ್ವೆರಿ (ಎಕ್ಸೆಲ್‌ನಲ್ಲೇ ಇರುವ, ದತ್ತಾಂಶ ಒಳತರುವ ಸಾಧನ) ಅಥವಾ ಡೇಟಾಬೇಸ್ ಮೂಲಕ, ಗುರುತಿನ ಸಂಖ್ಯೆಯ ಕಾಲಂಗಳನ್ನೆಲ್ಲ ‘ಪಠ್ಯ’ ಎಂದು ಹೇಳಿ, ಎಲ್ಲ ಲಿಪಿಗಳನ್ನೂ ಹಿಡಿಸುವ ಯುಟಿಎಫ್-8 ಸಂಕೇತ ಪದ್ಧತಿಯಲ್ಲಿ ಒಳತರಬೇಕು. ಬಂದ ಸಾಲುಗಳ ಎಣಿಕೆ ಮತ್ತು ಒಟ್ಟು ಮೊತ್ತವನ್ನು ಕಳಿಸಿದವರ ಸಾರಾಂಶದ ಹಾಳೆಯೊಂದಿಗೆ ತಾಳೆ ನೋಡದೆ ಮುಂದಕ್ಕೆ ಹೋಗಬಾರದು.

ಎರಡನೆಯ ತಪ್ಪು ದಶಾಂಶದ್ದು. ಒಂದು ಸಾಲಿನಲ್ಲಿ ಬರುವ ಮೊತ್ತ 0.003412ರಷ್ಟು ಸಣ್ಣದಿರುತ್ತದೆ. ಪ್ರತಿ ಸಾಲನ್ನೂ ಎರಡು ದಶಾಂಶಕ್ಕೆ ದುಂಡಾಗಿಸಿದರೆ ಅಂಥ ಸಾಲುಗಳೆಲ್ಲ ಸೊನ್ನೆಯಾಗಿ, ಕೊನೆಯಲ್ಲಿ ಗಣನೀಯ ಮೊತ್ತವೇ ಮಾಯವಾಗುತ್ತದೆ. ಕನಿಷ್ಠ ಆರು ದಶಾಂಶ ಉಳಿಸಿಕೊಂಡು, ಪಾವತಿಯ ಹಂತದಲ್ಲಿ ಒಮ್ಮೆ ಮಾತ್ರ ದುಂಡಾಗಿಸುವುದು ಸರಿ.

‘ಒಂದು ಸಲ ಕೇಳಿದರೆ ಎಷ್ಟು ಕೊಡುತ್ತಾರೆ?’ ಎಂಬ ಪ್ರಶ್ನೆಗೆ ಉತ್ತರವಿಲ್ಲದಿರುವುದಕ್ಕೂ ಕಾರಣವಿದೆ. ದೊಡ್ಡ ಸೇವೆಗಳು ಸಾಮಾನ್ಯವಾಗಿ ನಿಗದಿತ ದರ ಕೊಡುವುದಿಲ್ಲ. ಒಂದು ದೇಶದ, ಒಂದು ಬಗೆಯ ಚಂದಾದಾರರಿಂದ ಆ ತಿಂಗಳು ಬಂದ ಆದಾಯದಲ್ಲಿ ಹಕ್ಕುದಾರರ ಭಾಗವನ್ನು ಬೇರೆ ತೆಗೆದು, ಒಟ್ಟು ಕೇಳ್ವಿಕೆಯಲ್ಲಿ ನಿಮ್ಮ ಪಾಲೆಷ್ಟೋ ಅಷ್ಟನ್ನು ಹಂಚುತ್ತಾರೆ. ಜಾಹೀರಾತು ಇರುವ ಉಚಿತ ಶ್ರೇಣಿಯ ದರ, ಹಣ ಕೊಟ್ಟು ಕೇಳುವ ಶ್ರೇಣಿಯ ದರಕ್ಕಿಂತ ಬಹಳ ಕಡಿಮೆ. ಹಾಗಾಗಿ ಸರಾಸರಿ ದರ ಇಳಿದಿದೆ ಎಂದು ಕೂಗಾಡುವ ಮೊದಲು ಅದೇ ದೇಶ, ಅದೇ ಶ್ರೇಣಿಯನ್ನು ಹಿಂದಿನ ಅವಧಿಯೊಂದಿಗೆ ಹೋಲಿಸಬೇಕು. ಸ್ಪಾಟಿಫೈನಲ್ಲಿ 30 ಸೆಕೆಂಡ್ ದಾಟಿದರೆ ಮಾತ್ರ ಒಂದು ಕೇಳ್ವಿಕೆ ಎಂದು ಎಣಿಕೆ. 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಕೇಳ್ವಿಕೆ ತಲುಪದ ಮುದ್ರಣಕ್ಕೆ ಹಣವೇ ಇಲ್ಲ. ಕೇಳ್ವಿಕೆ ಇದ್ದೂ ಮೊತ್ತ ಸೊನ್ನೆ ಎಂದು ಕಂಡಾಗ ಕಳ್ಳತನದ ಗುಮಾನಿಗಿಂತ ಮೊದಲು ಈ ನಿಯಮ ನೆನಪಾಗಬೇಕು.

ಕಲಾವಿದರು ಅತಿ ಹೆಚ್ಚು ತಪ್ಪು ತಿಳಿಯುವುದು ಮುಂಗಡದ ವಿಷಯದಲ್ಲಿ. ಅಂಕಿಯಲ್ಲೇ ನೋಡೋಣ. ಹಾಡು ಬಿಡುಗಡೆ ಮಾಡುವ ಕಂಪನಿ ಗಾಯಕರಿಗೆ 10 ಲಕ್ಷ ಮುಂಗಡ ಕೊಟ್ಟಿದೆ, ರಾಯಲ್ಟಿ ದರ 20%. ಧ್ವನಿಮುದ್ರಣದಿಂದ ಕಂಪನಿಗೆ 30 ಲಕ್ಷ ಬಂತು. ‘ಮುಂಗಡ ಯಾವಾಗಲೋ ತೀರಿತಲ್ಲ’ ಎಂದು ಗಾಯಕರು ಭಾವಿಸುತ್ತಾರೆ. ಆದರೆ ಮುಂಗಡ ವಸೂಲಾಗುವುದು ಕಂಪನಿಯ ಒಟ್ಟು ಆದಾಯದಿಂದಲ್ಲ, ಗಾಯಕರ ಪಾಲಾದ 6 ಲಕ್ಷದಿಂದ. ಖಾತೆಯಲ್ಲಿ ಇನ್ನೂ 4 ಲಕ್ಷ ಬಾಕಿ. ವಿಡಿಯೊಗೆ 4 ಲಕ್ಷ ಖರ್ಚಾಗಿ, ಅದರ ಅರ್ಧ ವಸೂಲಿಗೆ ಸೇರುವುದೆಂದು ಒಪ್ಪಂದದಲ್ಲಿದ್ದರೆ ಬಾಕಿ 6 ಲಕ್ಷ. ಕಂಪನಿಗೆ 60 ಲಕ್ಷ ಬಂದ ಮೇಲೆಯೇ ಮುಂಗಡದ ಹೊರತು ಮೊದಲ ಕಾಸು ಗಾಯಕರಿಗೆ ದಕ್ಕುವುದು. 30 ಲಕ್ಷದ ಹಂತದಲ್ಲಿ ಮುಂಗಡ ಮತ್ತು ವಿಡಿಯೊ, ಈ ಎರಡು ಖರ್ಚುಗಳನ್ನು ಕಳೆದು ಕಂಪನಿಯ ಕೈಯಲ್ಲಿ 16 ಲಕ್ಷ ಇರುತ್ತದೆ. ಇದು ಮೋಸವಲ್ಲ, ಒಪ್ಪಂದ. ಸಹಿ ಹಾಕುವ ಮುನ್ನ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸುವ ಅಕೌಂಟೆಂಟ್ ಹತ್ತಿರವಿದ್ದರೆ ಎಷ್ಟೋ ಜಗಳಗಳು ತಪ್ಪುತ್ತವೆ. ಎರಡನೆಯ ಆಲ್ಬಮ್‌ನ ಗಳಿಕೆಯಿಂದ ಮೊದಲನೆಯದರ ಬಾಕಿ ಕತ್ತರಿಸುವ ಷರತ್ತು ಇದೆಯೇ, ಧ್ವನಿಮುದ್ರಣದ ಮುಂಗಡಕ್ಕೆ ಕೃತಿಯ ರಾಯಲ್ಟಿಯನ್ನೂ ಎಳೆದುಕೊಳ್ಳುತ್ತಿದ್ದಾರೆಯೇ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕು. ಈ ಎರಡನೆಯ ಬಗೆಯ ಕಡಿತ ಒಪ್ಪಂದದಲ್ಲಿ ಇಲ್ಲದೆಯೂ ಖಾತೆಯಲ್ಲಿ ನುಸುಳಿರುವುದುಂಟು.

ಕಂಪನಿಯ ಕಡೆ ಕೂತವರಿಗೂ ಕೆಲಸ ಸುಲಭವಲ್ಲ. ಕೊಟ್ಟ ಮುಂಗಡವನ್ನು ಆಸ್ತಿಯೆಂದು ಎಷ್ಟು ದಿನ ಪುಸ್ತಕದಲ್ಲಿ ಇಟ್ಟುಕೊಳ್ಳುವುದು? ಕಲಾವಿದರ ಹಿಂದಿನ ಮಾರಾಟ ಮತ್ತು ಈಗಿನ ಜನಪ್ರಿಯತೆ ನೋಡಿದರೆ ಮುಂದಿನ ರಾಯಲ್ಟಿಯಿಂದ ವಸೂಲಾಗುತ್ತದೆ ಎಂಬ ಗಟ್ಟಿ ಆಧಾರ ಬೇಕು. ಇಲ್ಲವಾದರೆ ಖರ್ಚಿಗೆ ಬರೆಯಬೇಕು. ಇಲ್ಲೂ ಸಂಗೀತದ ತಿಳಿವಳಿಕೆಯೇ ಲೆಕ್ಕದ ತೀರ್ಮಾನಕ್ಕೆ ಒದಗುವುದು. ಆದಾಯದ ಕಡೆ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡವಾದ ಐಎಫ್‌ಆರ್‌ಎಸ್ 15 ಸ್ಪಷ್ಟವಾಗಿದೆ: ಬಳಕೆಗೆ ತಕ್ಕಂತೆ ಬರುವ ರಾಯಲ್ಟಿಯನ್ನು ಬಳಕೆ ಆಗುವ ಮುನ್ನ ಆದಾಯವೆಂದು ತೋರಿಸುವಂತಿಲ್ಲ.

ರಾಯಲ್ಟಿ ಆಡಿಟ್ ಎಂಬ ವಿಶೇಷ ಶಾಖೆಯ ಬಗ್ಗೆ ಒಂದೆರಡು ಮಾತು. ಒಪ್ಪಂದದಲ್ಲಿ ತಪಾಸಣೆಯ ಕಲಮಿರುತ್ತದೆ: ವರ್ಷಕ್ಕೊಮ್ಮೆ, 30 ದಿನದ ನೋಟಿಸ್ ಕೊಟ್ಟು, ಕಂಪನಿಯ ಕಚೇರಿಯಲ್ಲಿ ಎಂಬ ಧಾಟಿಯಲ್ಲಿ. ಅದಕ್ಕಿಂತ ಮುಖ್ಯವಾದುದು ಆಕ್ಷೇಪಣೆಯ ಅವಧಿ. ಸ್ಟೇಟ್‌ಮೆಂಟ್ ಬಂದ ಮೇಲೆ ಎರಡು-ಮೂರು ವರ್ಷ ಎಂದಿರುವುದು ಸಾಮಾನ್ಯ. ಅದು ಮುಗಿದರೆ, ತಪ್ಪು ಕಣ್ಣಿಗೆ ರಾಚುವಂತಿದ್ದರೂ ಲೆಕ್ಕ ಅಂತಿಮ. ಕೆಲಸ ಕೈಗೆತ್ತಿಕೊಂಡ ದಿನವೇ ಪ್ರತಿ ಸ್ಟೇಟ್‌ಮೆಂಟಿನ ಗಡುವನ್ನು ಪಟ್ಟಿ ಮಾಡಬೇಕು. ಆಮೇಲೆ ಬಿಡುಗಡೆಯಾದ ಮುದ್ರಣಗಳ ಪಟ್ಟಿಯನ್ನು ಸ್ಟೇಟ್‌ಮೆಂಟಿನ ಪಕ್ಕ ಇಟ್ಟು, ಇರುವ ಸಾಲಿಗಿಂತ ಇಲ್ಲದ ಸಾಲನ್ನು ಹುಡುಕಬೇಕು: ಯಾವ ಹಾಡು ಒಮ್ಮೆಯೂ ಕಾಣಿಸಿಲ್ಲ, ಯಾವ ದೇಶ ನಡುವೆ ಬಿಟ್ಟುಹೋಗಿದೆ, ನಿಗದಿತ ಮಾರಾಟ ದಾಟಿದಾಗ ಏರಬೇಕಿದ್ದ ದರ ಏರಿದೆಯೇ, ಸಿನಿಮಾ-ಜಾಹೀರಾತಿನಿಂದ ಒಂದೇ ಸಲ ಬರುವ ಶುಲ್ಕಗಳು ಎಲ್ಲಿ ಹೋದವು. ಸಿಡಿ ಕಾಲದ ಪ್ಯಾಕಿಂಗ್ ಕಡಿತ ಡಿಜಿಟಲ್ ಆದಾಯದ ಮೇಲೂ ಮುಂದುವರಿದಿದ್ದರೆ ಅದನ್ನು ಕೇಳದೆ ಬಿಡಬಾರದು. ಕಡಿಮೆ ಕೊಟ್ಟದ್ದು ಒಪ್ಪಂದದಲ್ಲಿ ಹೇಳಿದ ಮಿತಿ, ಸಾಮಾನ್ಯವಾಗಿ 5ರಿಂದ 10%, ದಾಟಿದರೆ ತಪಾಸಣೆಯ ಖರ್ಚನ್ನೂ ಕಂಪನಿಯೇ ಭರಿಸುವ ಷರತ್ತು ಇರುತ್ತದೆ. ಇಲ್ಲದಿದ್ದರೆ ಒಪ್ಪಂದದ ವೇಳೆ ಸೇರಿಸಿಕೊಳ್ಳಬೇಕು.

ಕೂತಲ್ಲಿ ಕೂರಲಾಗದವರಿಗೆ ಪ್ರವಾಸದ ಲೆಕ್ಕದ ಕೆಲಸವಿದೆ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ವೇದಿಕೆಯ ಹಿಂದಿನ ಕೋಣೆಯಲ್ಲಿ ಆಯೋಜಕರೊಂದಿಗೆ ಕೂತು ಲೆಕ್ಕ ಚುಕ್ತಾ ಮಾಡುವುದು ಅದರ ಕೇಂದ್ರ. ಕರಾರು ಹೀಗಿದೆ ಎನ್ನಿ: ಖಾತರಿ ಮೊತ್ತ 30,000 ಅಥವಾ ನಿವ್ವಳ ಆದಾಯದ 85%, ಯಾವುದು ಹೆಚ್ಚೋ ಅದು. ತೆರಿಗೆ ಕಳೆದು ಟಿಕೆಟ್ ಆದಾಯ 80,000, ಖರ್ಚು 40,000. ನಿವ್ವಳ 40,000, ಅದರ 85% ಎಂದರೆ 34,000. ಮೊದಲೇ ಕೊಟ್ಟ 15,000 ಕಳೆದು ಆ ರಾತ್ರಿ ಬರಬೇಕಾದದ್ದು 19,000. ಈಗ ಖರ್ಚಿನ ಪಟ್ಟಿಯಲ್ಲಿ ರಸೀದಿಯಿಲ್ಲದ 5,000 ಸೇರಿಕೊಂಡರೆ ನಿವ್ವಳ 35,000ಕ್ಕೆ ಇಳಿಯುತ್ತದೆ, 85% ಲೆಕ್ಕ 29,750 ಆಗುತ್ತದೆ, ಖಾತರಿ ಮೊತ್ತವೇ ಜಾರಿಗೆ ಬರುತ್ತದೆ. ಕಲಾವಿದರಿಗೆ 4,000 ಖೋತಾ. ಖಾತರಿಯ ಗೆರೆಯ ಆಸುಪಾಸಿನಲ್ಲಿರುವ ಕಾರ್ಯಕ್ರಮಗಳಲ್ಲಿ ಖರ್ಚಿನ ಪಟ್ಟಿಯ ಮೇಲೆ ಕಣ್ಣಿಡಬೇಕಾದದ್ದು ಇದಕ್ಕೇ.

ಮಾರಾಟವಾದ, ಉಳಿದ, ಉಚಿತವಾಗಿ ಕೊಟ್ಟ ಮತ್ತು ನೋಟ ಅಡ್ಡವಾಗುತ್ತದೆಂದು ಮುಚ್ಚಿದ ಸೀಟುಗಳು ಕೂಡಿ ಸಭಾಂಗಣದ ಒಟ್ಟು ಸೀಟಿಗೆ ಸರಿಹೊಂದಬೇಕು. ಜಾಹೀರಾತಿನ ಬಿಲ್ಲಿನಲ್ಲಿ ಏಜೆನ್ಸಿ ರಿಯಾಯಿತಿ ಕಳೆಯುವ ಮೊದಲಿನ ಮೊತ್ತ ಹಾಕಿರುತ್ತಾರೆ, ಪಾವತಿಯ ದಾಖಲೆ ಕೇಳಬೇಕು. ಅಂಗಿ, ಸಿಡಿ ಮಾರುವ ಮಳಿಗೆಯ ದಾಸ್ತಾನನ್ನು ಸೈಜುವಾರು ಎಣಿಸಿ ಒಳಗಿಟ್ಟು, ಎಣಿಸಿಯೇ ಹೊರತೆಗೆಯಬೇಕು. ಚುಕ್ತಾ ಹಾಳೆಗೆ ಅದೇ ರಾತ್ರಿ ಇಬ್ಬರ ಸಹಿ ಬೀಳಲಿ. ಬೆಳಗಾದರೆ ಬಸ್ಸು ಬೇರೆ ಊರಿನಲ್ಲಿರುತ್ತದೆ, ತಕರಾರು ಇಮೇಲಿನಲ್ಲಿ ಮುದಿಯಾಗುತ್ತದೆ.

ಗಡಿ ದಾಟಿದರೆ ತೆರಿಗೆಯ ತಲೆನೋವು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಒಇಸಿಡಿ) ಮಾದರಿ ತೆರಿಗೆ ಒಪ್ಪಂದದ 17ನೇ ವಿಧಿಯ ಪ್ರಕಾರ ಕಲಾವಿದರ ಗಳಿಕೆಗೆ ಕಾರ್ಯಕ್ರಮ ನಡೆದ ದೇಶ ತೆರಿಗೆ ಹಾಕಬಹುದು. ಹಣ ಕಲಾವಿದರ ಕಂಪನಿಯ ಹೆಸರಿಗೆ ಹೋದರೂ ಬಿಡುವುದಿಲ್ಲ. ಕೆಲವೆಡೆ ಕಡಿತವಾಗುವುದು ಒಟ್ಟು ಸಂಭಾವನೆಯ ಮೇಲೆ, ಖರ್ಚು ಕಳೆದ ಮೇಲಲ್ಲ. ಸ್ವದೇಶದಲ್ಲಿ ಅದಕ್ಕೆ ಪರಿಹಾರ ಸಿಗಬೇಕಾದರೆ ಕಡಿತದ ಪ್ರಮಾಣಪತ್ರ ಬೇಕು, ಅದರ ಮೇಲಿನ ಹೆಸರು ತೆರಿಗೆ ಸಲ್ಲಿಸುವವರ ಹೆಸರೇ ಆಗಿರಬೇಕು. ತಂಡದ ಅಡ್ಡಹೆಸರಿನಲ್ಲಿ ಬಂದ ಪ್ರಮಾಣಪತ್ರ ಹಿಡಿದುಕೊಂಡು ಆರು ತಿಂಗಳ ನಂತರ ಆಯೋಜಕರನ್ನು ಹುಡುಕುವುದು ನರಕ. ವಾದ್ಯಗಳನ್ನು ಎಟಿಎ ಕಾರ್ನೆ ಎಂಬ, ತಾತ್ಕಾಲಿಕವಾಗಿ ಸುಂಕವಿಲ್ಲದೆ ಒಯ್ದು ತರಲು ಬಿಡುವ ದಾಖಲೆಯಲ್ಲಿ ಒಯ್ಯುವಾಗ ಸೀರಿಯಲ್ ನಂಬರ್ ಸಹಿತ ಪಟ್ಟಿ ಮಾಡಿ, ಹೊರಬರುವಾಗಲೂ ಮುದ್ರೆ ಹಾಕಿಸಬೇಕು. ಹಾಕಿಸದಿದ್ದರೆ ವಾದ್ಯವನ್ನು ಅಲ್ಲೇ ಮಾರಿದಿರಿ ಎಂದು ಸುಂಕದ ನೋಟಿಸ್ ಬರುತ್ತದೆ.

ವಾದ್ಯವೃಂದ, ಸಂಗೀತ ಶಾಲೆಗಳಂಥ ಸಂಸ್ಥೆಗಳಲ್ಲಿ ಗದ್ದಲ ಕಡಿಮೆ. ಅಲ್ಲಿನ ಮಾಮೂಲಿ ತಪ್ಪು, ಇಡೀ ಋತುವಿನ ಟಿಕೆಟ್ ಹಣ ಬಂದ ತಿಂಗಳಲ್ಲೇ ಆದಾಯವೆಂದು ತೋರಿಸಿ ಸಂಭ್ರಮಿಸುವುದು. ಕಛೇರಿ ನಡೆಯುವವರೆಗೂ ಅದು ಹೊಣೆ. ಪಿಯಾನೊ ಕೊಳ್ಳಲೆಂದೇ ಬಂದ ದೇಣಿಗೆಯಿಂದ ಸಂಬಳ ಕೊಡುವಂತಿಲ್ಲ. ಸವಕಳಿಯಲ್ಲೂ ಒಂದು ಸ್ವಾರಸ್ಯವಿದೆ: ಪಿಯಾನೊ ಸವೆಯುತ್ತದೆ, ಹಳೆಯ ಒಳ್ಳೆಯ ಪಿಟೀಲಿನ ಬೆಲೆ ಏರುತ್ತದೆ. ಉಳಿಕೆ ಮೌಲ್ಯ (ಬಳಸಿ ಮುಗಿದ ಮೇಲೆ ಮಾರಿದರೆ ಸಿಗಬಹುದಾದ ಬೆಲೆ) ಪುಸ್ತಕದ ಮೌಲ್ಯಕ್ಕಿಂತ ಹೆಚ್ಚಿದ್ದರೆ ಐಎಎಸ್ 16 ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ ಆ ವರ್ಷದ ಸವಕಳಿ ಸೊನ್ನೆ.

ಹಾಡುಗಳ ಗಂಟನ್ನೇ ಆಸ್ತಿಯಾಗಿ ಬೆಲೆ ಕಟ್ಟುವುದು ಮತ್ತೊಂದು ದಾರಿ. 1997ರಲ್ಲಿ ಬ್ರಿಟಿಷ್ ಗಾಯಕ ಡೇವಿಡ್ ಬೋವಿ ತಮ್ಮ ಆಲ್ಬಮ್‌ಗಳ ಮುಂದಿನ ರಾಯಲ್ಟಿಯ ಆಧಾರದ ಮೇಲೆ 5.5 ಕೋಟಿ ಡಾಲರ್ ಬಾಂಡ್ ತಂದರು, ಬಡ್ಡಿ 7.9%. ಸಂಗೀತ ಮಾರಾಟ ಕುಸಿದು 2004ರಲ್ಲಿ ಸಾಲಪತ್ರಗಳಿಗೆ ದರ್ಜೆ ಕೊಡುವ ಮೂಡೀಸ್ ಸಂಸ್ಥೆ ಅದರ ದರ್ಜೆ ಇಳಿಸಿತು. ಬೆಲೆ ಕಟ್ಟುವವರು ಇಂದಿಗೂ ಮರೆಯಬಾರದ ಅಂಶ: ಹೊಸ ಹಾಡಿನ ಗಳಿಕೆ ಮೊದಲ ಕೆಲವು ವರ್ಷ ಕಡಿದಾಗಿ ಇಳಿದು ಆಮೇಲೆ ನಿಲ್ಲುತ್ತದೆ. ಹೋದ ವರ್ಷ ಹಿಟ್ ಆದ ಹಾಡಿಗೂ ಇಪ್ಪತ್ತು ವರ್ಷದ ಹಾಡಿಗೂ ಒಂದೇ ಗುಣಕ (ವರ್ಷದ ಗಳಿಕೆಯ ಇಷ್ಟು ಪಟ್ಟು ಎಂಬ ಲೆಕ್ಕ) ಹಾಕಿದರೆ ಕೊಂಡವರು ಮುಳುಗುತ್ತಾರೆ.

ಇಷ್ಟು ಹೇಳಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸಂಗೀತದ ಪ್ರೀತಿ ಕಲಾವಿದರ ಮೇಲಿನ ಅಭಿಮಾನವಾಗಿ, ವೋಚರ್ ಕೇಳಲು ಸಂಕೋಚವಾಗುವ ಮಟ್ಟಕ್ಕೆ ಹೋದರೆ ಕೆಲಸ ಕೆಟ್ಟಿತು. ಅತ್ತ ಕಲಾವಿದರು ಕುರುಡಾಗಿ ನಂಬಿದರೂ ಅಷ್ಟೇ: ಗಾಯಕ ಸ್ಟಿಂಗ್ ಅವರ ಲೆಕ್ಕಿಗ ಸುಮಾರು 60 ಲಕ್ಷ ಪೌಂಡ್ ಕದ್ದು 1995ರಲ್ಲಿ ಜೈಲು ಸೇರಿದರು. ಇದನ್ನು ತಡೆಯುವ ಉಪಾಯ ಹಳೆಯದೇ. ಪಾವತಿ ಮಾಡುವವರು ಬೇರೆ, ಬ್ಯಾಂಕ್ ತಾಳೆ ನೋಡುವವರು ಬೇರೆ. ಬ್ಯಾಂಕಿನ ಪಟ್ಟಿ ನೇರ ಕಲಾವಿದರಿಗೇ ಹೋಗಬೇಕು. ದೊಡ್ಡ ಮೊತ್ತಕ್ಕೆ ಎರಡು ಅನುಮತಿ. ಇದನ್ನು ಕಲಾವಿದರು ಕೇಳುವ ಮೊದಲು ಅಕೌಂಟೆಂಟೇ ಮುಂದಿಟ್ಟರೆ ಚೆನ್ನ.

ಮಾಮೂಲಿ ಆಡಿಟ್ ಸಂಸ್ಥೆಯಲ್ಲಿದ್ದುಕೊಂಡೇ ಹಾಡುವವರಿಗೂ ಒಂದು ಮಾತು. ನಿಮ್ಮ ಹಾಡನ್ನು ಬಿಡುಗಡೆ ಮಾಡಿದ ಕಂಪನಿ ನಿಮ್ಮ ಸಂಸ್ಥೆಯ ಆಡಿಟ್ ಕಕ್ಷಿದಾರನಾಗಿದ್ದರೆ, ಅಲ್ಲಿಂದ ನಿಮಗೆ ಬರುವ ಪುಡಿಗಾಸಿನ ರಾಯಲ್ಟಿಯೂ ಆಡಿಟರ್ ಕಕ್ಷಿದಾರನ ಹಂಗಿನಲ್ಲಿರಬಾರದೆಂಬ ಸ್ವಾತಂತ್ರ್ಯದ ನಿಯಮಕ್ಕೆ ಅಡ್ಡ ಬರಬಹುದು. ವಾರ್ಷಿಕ ಘೋಷಣೆಯಲ್ಲಿ ಬರೆದು, ಆ ತಂಡದಿಂದ ದೂರವಿರಿ. ಸಂಗೀತದ ಗಳಿಕೆಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ; ತಂತಿ, ರಿಪೇರಿ, ಸ್ಟುಡಿಯೊ ಬಾಡಿಗೆಯ ರಸೀದಿಗಳು ಅದಕ್ಕೇ ಜೋಡಣೆಯಾಗಲಿ. ತಿಂಗಳ ಲೆಕ್ಕ ಮುಚ್ಚುವ ಮೊದಲ ವಾರದಲ್ಲಿ ಸಂಗೀತ ಕಛೇರಿ ಒಪ್ಪಿಕೊಳ್ಳುವುದು ಬೇಡ, ಎರಡೂ ಹದಗೆಡುತ್ತವೆ. ಅಮೆರಿಕದ ಚಾರ್ಲ್ಸ್ ಐವ್ಸ್ ವಿಮಾ ವ್ಯವಹಾರ ನಡೆಸುತ್ತಲೇ ಸಂಗೀತ ಬರೆದವರು, 1947ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದವರು. ಆದರೆ ಅವರ ಉದಾಹರಣೆ ಕೊಡುವವರು, ಪ್ರಶಸ್ತಿ ಬಂದ ಸಿಂಫನಿ ಬರೆದಾಗಿ ಹಲವು ದಶಕಗಳೇ ಕಳೆದಿದ್ದವು ಎಂಬುದನ್ನೂ ಹೇಳಬೇಕು.

ತಯಾರಿಗೆ ದುಬಾರಿ ಕೋರ್ಸು ಬೇಕಿಲ್ಲ. ಮೂವರು ಬರೆದ, ಎರಡು ಮುದ್ರಣಗಳಿರುವ ಒಂದು ಕಾಲ್ಪನಿಕ ಹಾಡು ತೆಗೆದುಕೊಳ್ಳಿ. ಒಂದು ಮುಂಗಡ, ನಾಲ್ಕು ಅವಧಿಯ ಆದಾಯ, ಒಂದು ಜಾಹೀರಾತಿನ ಶುಲ್ಕ, ಒಂದು ವಿದೇಶಿ ತೆರಿಗೆ ಕಡಿತ ಸೇರಿಸಿ, ಪ್ರತಿಯೊಬ್ಬರ ಖಾತೆಯನ್ನು ಆರಂಭಿಕ ಬಾಕಿಯಿಂದ ಅಂತಿಮ ಬಾಕಿಯವರೆಗೆ ಎಳೆಯಿರಿ. ಸಂದರ್ಶನಕ್ಕೆ ಆ ಹಾಳೆ ಒಯ್ದರೆ ‘ನನಗೆ ಸಂಗೀತ ಇಷ್ಟ’ ಎಂದು ಬಾಯಲ್ಲಿ ಹೇಳುವ ಅಗತ್ಯವೇ ಬೀಳದು.

ತಮ್ಮ ಉದ್ಯೋಗ ಪುಟದಲ್ಲಿ ಮುಂದೆ ಈ ವಿಷಯ ಬಂದಾಗ ಹೆಸರು ಅಳಿಸಿದ ಒಂದು ರಾಯಲ್ಟಿ ಸ್ಟೇಟ್‌ಮೆಂಟನ್ನೂ ಒಂದು ಒಪ್ಪಂದದ ತಪಾಸಣೆ ಕಲಮನ್ನೂ ಕಾಲಂವಾರು ವಿವರಣೆಯೊಂದಿಗೆ ಅಚ್ಚು ಹಾಕಬೇಕೆಂದು ಕೋರುತ್ತೇವೆ. ಓದುತ್ತಿರುವ ಮಕ್ಕಳಿಗಷ್ಟೇ ಅಲ್ಲ, ಹಾಡುತ್ತಿರುವವರಿಗೂ ಅದು ಬೇಕಾಗಿದೆ.

ಇಂತಿ,
ಸಂಗೀತ ಕ್ಷೇತ್ರದ ಲೆಕ್ಕಪತ್ರ ನೋಡುವ ಕೆಲವು ಓದುಗರು